ಕೆರೆ ಬರಿದು ಮಾಡಿದ ಬೇಸಿಗೆ

ಬೆಳಿಗ್ಗೆ ಗೂಡ್ಸ್ ಆಟೋ ಏರಿಯ ಮೇಲೆ ಹಿಮ್ಮುಖವಾಗಿ ಬಂದು ನಿಲ್ಲುತ್ತಿದ್ದಂತೆಯೇ ನೀರು ಕುದಿಯಲು ಶುರುವಾಗುತ್ತಿತ್ತು. ಡ್ರಮ್ಮುಗಳು ಇನ್ನೂ ಕೆಳಗಿಳಿದಿರುತ್ತಿರಲಿಲ್ಲ. ಇಂಜಿನ್ನಿನ ಸದ್ದಿಗೇ ಆಳದಲ್ಲಿದ್ದ ಕ್ಯಾಟ್‌ಫಿಶ್‌ಗಳೆಲ್ಲ ದಡಕ್ಕೆ ನುಗ್ಗಿ, ಒಂದರ ಮೇಲೊಂದು ಹತ್ತಿ, ಬಾಯಿ ತೆರೆದು ಕಾಯುತ್ತಿದ್ದವು. ವಿಜಯನಗರ, ರಾಜಾಜಿನಗರದ ಕಡೆಯ ಕೋಳಿ ಅಂಗಡಿಗಳಿಂದ ತಂದ ಕರುಳು, ತಲೆ, ಕಾಲು, ಪುಕ್ಕ ಎಲ್ಲವನ್ನೂ ಒಟ್ಟಿಗೇ ಸುರಿಯುತ್ತಿದ್ದರು. ದಡದಲ್ಲಿ ಚೆಲ್ಲಿದ್ದಕ್ಕೆ ನಾಯಿಗಳ ಹಿಂಡು, ಗಾಳಿಯಲ್ಲಿ ಹಾರಿದ್ದಕ್ಕೆ ಹದ್ದುಗಳು. ತೋಳಿನ ಗಾತ್ರದ ಮೀನೊಂದು ಕರುಳಿನ ಒಂದು ತುದಿ ಕಚ್ಚಿದ್ದರೆ ಇನ್ನೊಂದು ತುದಿಯನ್ನು ನಾಯಿ ಕಚ್ಚಿ ಎಳೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನೀರುಹಕ್ಕಿಗಳಿಗೆ ನೆಲೆ ಮಾಡಿಕೊಡಿ ಎಂದು, ಕೆರೆಗಳನ್ನು ಸರಿಪಡಿಸುವ ನಮ್ಮ ಸಂಸ್ಥೆ ನನ್ನನ್ನು ಕಳಿಸಿದ್ದು ಈ ಜಾಗಕ್ಕೆ.

ಕೆಂಗೇರಿಯ ಆಚೆ ಒಂದು ಹಳೆಯ ಊರು, ಅದರ ಸುತ್ತ ಹೊಸ ಲೇಔಟ್‌ಗಳು, ಎರಡರ ನಡುವೆ ಈ ಕೆರೆ. ಬಸವೇಶ್ವರನಗರದ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ದಿನವೂ ಹೋಗಿ ಬರುತ್ತಿದ್ದೆ. ಹಿಂದೊಮ್ಮೆ ಯಾರೋ ಅಭಿವೃದ್ಧಿ ಮಾಡುತ್ತೇವೆಂದು ಕೆರೆಯನ್ನು ಬೋಗುಣಿಯಂತೆ ತೋಡಿ, ಸುತ್ತ ನೆಟ್ಟಗೆ ಕಲ್ಲು ಕಟ್ಟಿ, ವಾಕಿಂಗ್ ಮಾಡಲು ದಾರಿ ಹಾಕಿ ಹೋಗಿದ್ದರು. ಮೆಟ್ಟುಗಾಲ ಹಕ್ಕಿಯ ಕಾಲು ಎಷ್ಟೇ ಉದ್ದವಿರಲಿ, ಅದು ನಿಂತು ಮೇಯುವುದು ಗೇಣುದ್ದದ ನೀರಿನಲ್ಲಿ. ಬಾತು ತಲೆ ಮುಳುಗಿಸಿ ಬಾಲ ಮೇಲೆತ್ತಿ ಮೇಯಲು ಮೊಳದಷ್ಟು ನೀರು ಸಾಕು. ಇಲ್ಲಿ ದಡದಿಂದ ಒಂದು ಹೆಜ್ಜೆ ತಪ್ಪಿದರೆ ಎರಡಾಳು ಆಳ. ನಾಲ್ಕಾರು ನೀರುಕಾಗೆಗಳನ್ನು ಬಿಟ್ಟರೆ ಬೇರೆ ಹಕ್ಕಿ ಇಳಿಯುತ್ತಿರಲಿಲ್ಲ.

ಮಾಡಬೇಕಾದ ಕೆಲಸ ನನಗೆ ಸ್ಪಷ್ಟವಿತ್ತು. ಕಲ್ಲುಕಟ್ಟಡ ಕಿತ್ತು, ಒಂದಡಿ ಇಳಿಯಬೇಕಾದರೆ ಇಪ್ಪತ್ತಡಿ ನಡೆಯಬೇಕಾಗುವಷ್ಟು ಓರೆಯಾಗಿ ದಡವನ್ನು ಚಾಚುವುದು. ಮಧ್ಯದಲ್ಲಿ ಚಪ್ಪಟೆಯಾದ ಎರಡು ಮೂರು ದಿಬ್ಬ. ಮೋರಿಯ ನೀರು ಕೆರೆಗೆ ಬೀಳುವ ಕಡೆ ಹೂಳು ತಂಗಲು ಒಂದು ಗುಂಡಿ, ಅದರ ಮುಂದೆ ಜೊಂಡು ಬೆಳೆಯುವ ಬಯಲು. ನೀರು ಜೊಂಡಿನ ಬೇರುಗಳ ನಡುವೆ ನಿಧಾನವಾಗಿ ನುಸುಳಿ ಬರುವಾಗ ಕೊಳೆ ಅಲ್ಲೇ ಉಳಿಯುತ್ತದೆ. ಇದಿಷ್ಟು ಯಂತ್ರದ ಕೆಲಸ. ಉಳಿದದ್ದನ್ನು ಮಾಡಬೇಕಾದ್ದು ಬಿಸಿಲು ಮತ್ತು ಮಳೆ. ಕೆರೆಯಂಗಳದ ಮಣ್ಣಿನಲ್ಲಿ ವರ್ಷಗಟ್ಟಲೆ ಬೀಜ ಮಲಗಿರುತ್ತದೆ. ನೀರು ಇಳಿದು, ಕೆಸರು ಒಡೆದು, ಮತ್ತೆ ಮಳೆ ಬಿದ್ದರೆ ತಾನಾಗಿ ಏಳುತ್ತದೆ. ಅದರ ಹಿಂದೆ ಹುಳ, ಬಸವನಹುಳು, ಅವುಗಳ ಹಿಂದೆ ಹಕ್ಕಿ. ಹಳೆಯ ಕೆರೆಗಳು ಬೇಸಿಗೆಯಲ್ಲಿ ಒಣಗುತ್ತಿದ್ದದ್ದು ಕೆರೆಯ ರೋಗವಾಗಿರಲಿಲ್ಲ, ಅದರ ಆರೋಗ್ಯವಾಗಿತ್ತು. ವರ್ಷಪೂರ್ತಿ ಮೋರಿ ನೀರು ತುಂಬಿಕೊಂಡಿದ್ದ ಈ ಕೆರೆ ಎಷ್ಟೋ ಕಾಲದಿಂದ ಒಣಗಿರಲಿಲ್ಲ.

ಇದಕ್ಕೆಲ್ಲ ಅಡ್ಡವಿದ್ದದ್ದು ಆ ಮೀನು. ಆಫ್ರಿಕಾದಿಂದ ಬಂದ ಜಾತಿ. ಸಾಕುವುದೇ ಕಾನೂನಿಗೆ ವಿರುದ್ಧ. ಕಪ್ಪೆ, ಮೊಟ್ಟೆ, ಮರಿ, ಬೇರು, ಸಿಕ್ಕಿದ್ದನ್ನೆಲ್ಲ ನುಂಗುತ್ತದೆ. ತಳದ ಕೆಸರನ್ನು ಸದಾ ಕಲಕುವುದರಿಂದ ನೀರಿನೊಳಗೆ ಬೆಳಕು ಇಳಿಯುವುದಿಲ್ಲ, ಬೀಜ ಮೊಳೆಯುವುದಿಲ್ಲ. ಗಾಳಿಯನ್ನೂ ಉಸಿರಾಡುವ ಮೀನಾದ್ದರಿಂದ ನೀರು ಬತ್ತಿದರೂ ಸುಲಭವಾಗಿ ಸಾಯುವುದಿಲ್ಲ. ಕೆಸರಿನಲ್ಲಿ ಹೂತುಕೊಂಡು ಮಳೆಗೆ ಕಾಯುತ್ತದೆ.

ಸಾಕುತ್ತಿದ್ದವನನ್ನು ಮೀನಿನವನು ಎಂದೇ ಕರೆಯುತ್ತೇನೆ. ನಲವತ್ತರ ಆಸುಪಾಸಿನ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಾತು ಮೆತ್ತಗೆ. ಊರಿನ ಯಜಮಾನರ ತಂಗಿಯ ಮಗ. ಮೊದಲ ಭೇಟಿಯಲ್ಲಿ ಕಾಫಿ ತರಿಸಿಕೊಟ್ಟ.

"ಇದೇ ಕೆರೇಲಿ ಈಜು ಕಲ್ತೋನು ಮೇಡಂ ನಾನು," ಎಂದ. "ಆ ಕಡೆ ಅಪಾರ್ಟ್‌ಮೆಂಟ್ ಕಾಣ್ತಿದ್ಯಲ್ಲ, ಅದು ನಮ್ಮ ಗದ್ದೆ. ಅದು ಹೋಗೋವಾಗ ಉಳ್ಸೋಕೆ ಯಾರೂ ಬರ್ಲಿಲ್ಲ. ಇವಾಗ ಹಕ್ಕಿ ಉಳ್ಸೋಕೆ ಬಂದಿದೀರ."

"ನಿಮ್ಮ ಮೀನು ಹಿಡ್ಕೊಳ್ಳೋಕೆ ಟೈಮ್ ಕೊಡ್ತೀವಿ. ನೀರು ಇಳಿಸೋಕೆ ಮುಂಚೆ ತಗೊಂಬಿಡಿ," ಎಂದೆ.

ಅವನು ನಕ್ಕ. "ಇಳಿಸಿ ನೋಡಿ."

ಯಜಮಾನರು ಎಪ್ಪತ್ತು ದಾಟಿದವರು. ಊರಿನ ಒಳಗಿನ ಅವರ ಜಗಲಿಯಲ್ಲಿ ನಕ್ಷೆ ಹರಡಿ ಎಲ್ಲವನ್ನೂ ವಿವರಿಸಿದೆ. ಅವರು ನಕ್ಷೆಯ ಕಡೆ ನೋಡಲಿಲ್ಲ.

"ಇಲಾಖೆ ಪರ್ಮಿಷನ್ ಐತೆ, ನಾನ್ಯಾಕೆ ಬೇಡ ಅನ್ಲಿ," ಎಂದರು. "ಆದ್ರೆ ಅವ್ನು ಒಳ್ಳೆ ಮಾತಲ್ಲಿ ಬಗ್ಗೋನಲ್ಲ ಕಣಮ್ಮ. ನನ್ ಮಾತೂ ಕೇಳಲ್ಲ. ಹುಷಾರು."

ಶಿವರಾತ್ರಿ ಕಳೆದ ವಾರ ತೂಬು ಎತ್ತಿದೆವು. ದಿನಕ್ಕೆ ಒಂದು ಗೇಣಿಗಿಂತ ಹೆಚ್ಚು ಇಳಿಸುವಂತಿರಲಿಲ್ಲ. ಒಮ್ಮೆಲೇ ಬಿಟ್ಟರೆ ನೆನೆದ ದಡ ಕುಸಿಯುತ್ತದೆ, ಕಪ್ಪೆ, ಬಸವನಹುಳುಗಳಿಗೆ ನೀರಿನ ಹಿಂದೆ ಸರಿದುಕೊಳ್ಳಲು ಸಮಯ ಸಿಗುವುದಿಲ್ಲ. ನೀರು ಇಳಿದಷ್ಟೂ ಹಿಟಾಚಿ ಯಂತ್ರ ಅದರ ಹಿಂದೆ ಇಳಿಯುತ್ತಿತ್ತು. ಓಡಿಸುತ್ತಿದ್ದವನು ಮಾಗಡಿ ಕಡೆಯ ಆಪರೇಟರ್, ಮೂವತ್ತು ದಾಟದ, ಹೆಚ್ಚು ಮಾತಿಲ್ಲದ ಮನುಷ್ಯ. ಓರೆ ಕಡಿದಾದರೆ ನಾನು ಕೈ ಮಾಡುವ ಮೊದಲೇ ಬಕೆಟ್ಟಿನ ಬೆನ್ನಿನಿಂದ ಮಣ್ಣು ತಟ್ಟಿ ಸರಿಪಡಿಸುತ್ತಿದ್ದ.

ಮೊದಲ ಕಲ್ಲು ಬಿದ್ದದ್ದು ಯಂತ್ರದ ಗಾಜಿಗೆ. ಯಾರು ಎಸೆದರೆಂದು ಕಾಣಲಿಲ್ಲ. ಎರಡು ದಿನ ಬಿಟ್ಟು ಡೀಸೆಲ್ ಟ್ಯಾಂಕಿಗೆ ಮರಳು ಹಾಕಿದ್ದರು; ಬಿಚ್ಚಿ ತೊಳೆದು ಮತ್ತೆ ಓಡಿಸಲು ದಿನಗಳೇ ಹೋದವು. ನಾವು ಮೋರಿಯ ಬಾಯಿಯಲ್ಲಿ ಹರಡಿದ್ದ ಜೊಂಡಿನ ಬೇರಿನ ಮುದ್ದೆಗಳನ್ನು ಕಿತ್ತು ರಾಶಿ ಹಾಕಿ ಪೆಟ್ರೋಲ್ ಸುರಿದು ಸುಟ್ಟಿದ್ದರು. ಹಸಿ ಬೇರು ಉರಿಯದೆ ಹೊಗೆಯಾಡುತ್ತಿತ್ತು.

ಆಟೋಗಳು ಮಾತ್ರ ನಿಲ್ಲಲಿಲ್ಲ. ನೀರು ಹಿಂದೆ ಸರಿದಿದ್ದರಿಂದ ಕೋಳಿ ತ್ಯಾಜ್ಯ ಈಗ ಬರೀ ಕೆಸರಿನ ಮೇಲೆ ಬೀಳುತ್ತಿತ್ತು. ನಾಯಿಗಳು ಹೆಚ್ಚಾದವು. ಒಂದು ಬೆಳಿಗ್ಗೆ, ಸುರಿಯಬೇಡಿ ಎಂದು ನಾನು ಡ್ರಮ್ಮಿಗೆ ಅಡ್ಡ ಹೋಗಿ ನಿಂತೆ. ಆಟೋದವನು ನನ್ನ ಕಡೆ ನೋಡದೆ ಡ್ರಮ್ ಒದ್ದ. ಕರುಳಿನ ರಾಶಿ ನನ್ನ ಕಾಲ ಮೇಲೆಯೇ ಜಾರಿತು. ಅದರ ಹಿಂದೆಯೇ ನಾಯಿಗಳು. ಅವಕ್ಕೆ ಕರುಳು ಯಾವುದು, ನನ್ನ ಕಾಲು ಯಾವುದು ಎಂಬ ಭೇದವಿರಲಿಲ್ಲ. ಮೀನಖಂಡಕ್ಕೆ ಹಲ್ಲು ಇಳಿದದ್ದು ನೋವಿಗಿಂತ ಮೊದಲು ಎಳೆತವಾಗಿ ಗೊತ್ತಾಯಿತು. ಬಿದ್ದೆ. ಆಪರೇಟರ್ ಸ್ಪ್ಯಾನರ್ ಹಿಡಿದು ಓಡಿಬಂದು ಒಂದರ ಬೆನ್ನಿಗೆ ಹೊಡೆದಾಗ ಅದು ನನ್ನನ್ನು ಬಿಟ್ಟು ಪಕ್ಕದ ನಾಯಿಯ ಕುತ್ತಿಗೆಗೆ ಬಾಯಿ ಹಾಕಿತು. ಕಾಲಿಗೆ ಹೊಲಿಗೆ ಹಾಕಲಿಲ್ಲ, ಕಡಿತದ ಗಾಯವನ್ನು ಬೇಗ ಹೊಲಿಯಬಾರದಂತೆ. ತೆರೆದ ಗಾಯಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಕೆಸರಿನಲ್ಲಿ ಓಡಾಡಿದೆ. ಇಂಜೆಕ್ಷನ್ ಹಾಕಿಸಿಕೊಳ್ಳಲು ಸರದಿಯಲ್ಲಿ ನಿಂತಾಗ ಅದೇ ಕೆರೆಯ ಸುತ್ತಲಿನವರೇ ಇನ್ನೂ ಮೂವರು ಸಿಕ್ಕರು. ಒಬ್ಬಾಕೆ ಮಗುವನ್ನು ಎತ್ತಿಕೊಂಡಿದ್ದಳು. ಮಗುವಿನ ಕೆನ್ನೆಗೆ ಬ್ಯಾಂಡೇಜಿತ್ತು.

ಯುಗಾದಿ ಕಳೆದು ಕೆಲವು ದಿನಗಳಿಗೆ, ಕೆರೆ ಮುಕ್ಕಾಲು ಬರಿದಾಗಿದ್ದಾಗ, ನೀರು ಇಳಿಯುವುದು ನಿಂತಿತು. ಹೋಗಿ ನೋಡಿದರೆ ತೂಬಿನ ಬಾಯಿಗೆ ಕಾಂಕ್ರೀಟ್ ತುಂಬಿದ್ದರು. ಮೋರಿ ನೀರು ಬರುತ್ತಲೇ ಇತ್ತು. ಹಾಗೇ ಬಿಟ್ಟರೆ ಹದಿನೈದು ದಿನದಲ್ಲಿ ಕೆರೆ ಮತ್ತೆ ತುಂಬುತ್ತಿತ್ತು.

ಮೀನಿನವನು ಏರಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಸುತ್ತ ಐದಾರು ಹುಡುಗರು.

"ಮುಗೀತು ಮೇಡಂ. ಮನೆಗೆ ಹೋಗಿ," ಎಂದ.

ನಾನು ಆಪರೇಟರ್ ಕಡೆ ತಿರುಗಿ, "ಒಡೀರಿ," ಎಂದೆ.

ಅವನು ನನ್ನನ್ನೊಮ್ಮೆ, ಏರಿಯ ಮೇಲಿದ್ದವರನ್ನೊಮ್ಮೆ ನೋಡಿ ಯಂತ್ರ ತಿರುಗಿಸಿದ. ಬಕೆಟ್ಟಿನ ಹಲ್ಲು ಕಾಂಕ್ರೀಟಿಗೆ ತಾಗಿದ ಎರಡನೆಯ ಏಟಿಗೇ ಬಿರುಕು ಬಿಟ್ಟಿತು. ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಮೂರನೆಯ ಏಟಿಗೆ ಹುಡುಗರು ಇಳಿದು ಬಂದರು. ಒಬ್ಬ ಕ್ಯಾಬಿನ್ನಿನ ಬಾಗಿಲು ಕಿತ್ತ, ಇಬ್ಬರು ಆಪರೇಟರನ್ನು ಕಾಲು ಹಿಡಿದು ಹೊರಗೆಳೆದರು. ಅವನ ತಲೆ ಯಂತ್ರದ ಚಕ್ರದ ಚೈನಿಗೆ ಬಡಿಯಿತು. ಕಬ್ಬಿಣದ ರಾಡು ಎತ್ತಿದ್ದು ನೋಡಿ ಅವನು ಎಡಗೈ ಅಡ್ಡ ಹಿಡಿದ. ಮುಂಗೈ ಮುರಿದ ಸದ್ದು ನನಗೆ ಕೇಳಿಸಿತು, ಒಣ ಸೌದೆ ಮುರಿದ ಹಾಗೆ. ನಾನು ಕೂಗುತ್ತ ನುಗ್ಗಿದೆ. ಯಾರೋ ನನ್ನ ಕೂದಲು ಹಿಡಿದು ಹಿಂದಕ್ಕೆಳೆದು ಕೆಸರಿಗೆ ತಳ್ಳಿದರು. ಮುಖ ಎತ್ತಿ ನೋಡುವಷ್ಟರಲ್ಲಿ ಒಡೆದ ತೂಬಿನಿಂದ ನೀರು ಭೋರ್ಗರೆದು ಹೊರಟಿತ್ತು. ಹುಡುಗರು ಅದನ್ನು ನೋಡಿ ನಿಂತರು. ಅದನ್ನು ತಡೆಯುವುದು ಯಾರ ಕೈಯಲ್ಲೂ ಇರಲಿಲ್ಲ.

ಮೀನಿನವನು ಕುರ್ಚಿಯಿಂದ ಎದ್ದಿರಲಿಲ್ಲ.

ಆಸ್ಪತ್ರೆಯಲ್ಲಿ ಆಪರೇಟರನಿಗೆ ಪ್ಲಾಸ್ಟರ್ ಹಾಕಿದರು. ಅವನ ಹೆಂಡತಿ ಬಂದು ನನಗೆ ಬೆನ್ನು ಹಾಕಿ ಗೋಡೆಗೆ ಒರಗಿ ನಿಂತಳು. ಠಾಣೆಯಲ್ಲಿ ದೂರು ಬರೆದುಕೊಟ್ಟೆ. ರಾಡು ಬೀಸಿದ ಹುಡುಗನನ್ನು ಕರೆಸಿ ಕೂರಿಸಿಕೊಂಡರು, ಸಂಜೆಗೆ ಬಿಟ್ಟರು. ಸಂಸ್ಥೆಯ ಕಚೇರಿಯಿಂದ ಫೋನ್ ಬಂತು: ಕೆಲಸ ನಿಲ್ಲಿಸಿ, ಯಾರೂ ಸಾಯುವುದು ಬೇಡ.

ಇಲಾಖೆಯ ಇಂಜಿನಿಯರ್ ಒಳ್ಳೆಯವರೇ. ಬಂದು ನೋಡಿದರು. ಬರಿದಾದ ಕೆರೆಯ ನಡುವೆ, ಹಿಂದೆ ತೋಡಿದ ಆಳದ ಜಾಗದಲ್ಲಿ, ಒಂದು ಮಡು ಉಳಿದಿತ್ತು. ಮೋರಿಯ ನೀರು ನಾವು ತೋಡಿದ್ದ ಬದಿಗಾಲುವೆ ಹಿಡಿದು ತೂಬಿಗೆ ಹೋಗುತ್ತಿತ್ತು; ತೂಬಿಗಿಂತ ಕೆಳಗಿದ್ದ ಮಡುವಿನ ನೀರು ಮಾತ್ರ ಹೊರಗೆ ಹರಿಯುವಂತಿರಲಿಲ್ಲ. ಕೆರೆಯ ಅಷ್ಟೂ ಕ್ಯಾಟ್‌ಫಿಶ್ ಅಲ್ಲಿ ಸೇರಿ, ನೀರಿಗಿಂತ ಮೀನೇ ಹೆಚ್ಚಾಗಿ, ಮಡುವಿನ ಮೈ ಸದಾ ಮಿಸುಕಾಡುತ್ತಿತ್ತು. ಕೋಳಿ ತ್ಯಾಜ್ಯ ಅಲ್ಲಿಗೆ ತಲುಪುತ್ತಿರಲಿಲ್ಲ. ದೊಡ್ಡವು ಚಿಕ್ಕವನ್ನು ತಿನ್ನುತ್ತಿದ್ದವು.

"ಬ್ಲೀಚಿಂಗ್ ಪೌಡರ್ ಹಾಕ್ಸಿಬಿಡೋಣ," ಎಂದರು ಇಂಜಿನಿಯರ್. "ಒಂದೇ ದಿನದಲ್ಲಿ ಕ್ಲೀನ್. ಗಲಾಟೆನೂ ಇಲ್ಲ."

"ಸಾರ್, ಅದು ಮೀನಷ್ಟೇ ಅಲ್ಲ, ಕೆಸರಲ್ಲಿರೋ ಹುಳ, ಬಸವನಹುಳು ಎಲ್ಲಾನೂ ಸಾಯ್ಸುತ್ತೆ. ಹಕ್ಕಿ ತಿನ್ನೋದೇ ಅದನ್ನ. ನಾವು ಹಾಗೆ ಮಾಡಿದ್ರೆ ಉಳಿಯೋದು ಬರೀ ಗುಂಡಿ."

"ಮತ್ತೇನ್ಮಾಡ್ತೀರಿ? ಮಳೆ ಶುರುವಾದ್ರೆ ಇಷ್ಟೂ ಮೀನು ಮತ್ತೆ ಇಡೀ ಕೆರೆಗೆ ಹರಡುತ್ತೆ."

ಬೆಂಗಳೂರಿನಲ್ಲಿ ಮೊದಲ ಗುಡುಗುಮಳೆ ಬೀಳುವ ಕಾಲ ಹತ್ತಿರವಾಗಿತ್ತು. ಕೊಕ್ಕರೆಗಳು ಮಡುವಿನ ಸುತ್ತ ಸಾಲಾಗಿ ನಿಂತು ಸಣ್ಣ ಮೀನು ಹೆಕ್ಕುತ್ತಿದ್ದವು. ಆದರೆ ತೊಡೆಗಾತ್ರದ ಮೀನನ್ನು ಯಾವ ಹಕ್ಕಿಯೂ ನುಂಗಲಾರದು. ಬಿಸಿಲು ಮಾಡಬೇಕಾದ್ದನ್ನು ಮಾಡಿತ್ತು, ಹಕ್ಕಿ ಮಾಡಬೇಕಾದ್ದನ್ನು ಮಾಡುತ್ತಿತ್ತು. ಇನ್ನು ಉಳಿದದ್ದು ಮನುಷ್ಯರು ಕೈಯಾರೆ ಕೊಲ್ಲುವುದು.

ಆ ವಾರವೇ ಮೆಟ್ಟುಗಾಲ ಹಕ್ಕಿಗಳ ಗೂಡು ಕಂಡೆ. ಬಿರುಕುಬಿಟ್ಟ ಕೆಸರಿನ ಮೇಲೆ, ನಾವು ಚಾಚಿದ್ದ ಓರೆಯಲ್ಲಿ, ಕಡ್ಡಿ ಮತ್ತು ಒಣಗಿದ ಬೇರು ಜೋಡಿಸಿದ ತಟ್ಟೆಯಷ್ಟಗಲದ ಗೂಡುಗಳು. ಒಂದೊಂದರಲ್ಲಿ ಮಣ್ಣುಬಣ್ಣದ ಮೊಟ್ಟೆ. ಹತ್ತಿರ ಹೋದರೆ ಹಕ್ಕಿಗಳು ಚೀರುತ್ತ ತಲೆಯ ಮೇಲೇ ಎರಗುತ್ತಿದ್ದವು. ಯಾರೂ ತಂದು ಬಿಟ್ಟದ್ದಲ್ಲ. ನೀರು ಇಳಿದದ್ದಕ್ಕೆ ಬಂದವು. ನಾನು ಅಷ್ಟು ದಿನ ನಕ್ಷೆಯಲ್ಲಿ ಬರೆದು ಎಲ್ಲರಿಗೂ ತೋರಿಸುತ್ತಿದ್ದದ್ದು ಕಣ್ಣೆದುರೇ ಆಗಿತ್ತು. ಗೂಡುಗಳಿದ್ದದ್ದು ದಾರಿಯಿಂದ ಮಡುವಿಗೆ ಹೋಗುವ ನಡುವಿನ ಜಾಗದಲ್ಲಿ.

ಮೀನು ಹಿಡಿಯಲು ಕೂಲಿಯವರು ಯಾರೂ ಒಪ್ಪಲಿಲ್ಲ. ಆಪರೇಟರನ ಕೈ ಮುರಿದ ಸುದ್ದಿ ಎಲ್ಲ ಕಡೆ ಹಬ್ಬಿತ್ತು. ಹತ್ತು ಜನರನ್ನು ಕರೆತಂದರೆ ಹತ್ತು ಜನರನ್ನೂ ಹೊಡೆದು ಕಳಿಸುತ್ತಾರೆ. ಆದರೆ ಇನ್ನೂರು ಜನ ಬಂದರೆ? ಈ ಯೋಚನೆ ಬಂದಾಗ ನಾನು ಸ್ಕೂಟರಿನಲ್ಲಿ ಮೈಸೂರು ರಸ್ತೆಯ ಸಿಗ್ನಲ್ಲಿನಲ್ಲಿದ್ದೆ. ಮನೆಯ ಕಡೆ ಹೋಗದೆ ತಿರುಗಿ ಯಜಮಾನರ ಮನೆಗೆ ಹೋದೆ.

"ಹಿಂದೆ ಕೆರೆ ಬತ್ತಿದಾಗ ಊರೋರೆಲ್ಲ ಇಳಿದು ಮೀನು ಹಿಡೀತಿದ್ರಂತಲ್ಲ ಗೌಡ್ರೇ," ಎಂದೆ.

"ಹ್ಞೂಂ. ತಮಟೆ ಹೊಡ್ಸಿ ಹೇಳ್ತಿದ್ವಿ. ಹಿಡಿದೋನಿಗೆ ಹಿಡಿದಷ್ಟು."

"ಈಗ್ಲೂ ಹೇಳ್ಸಿ."

ಅವರು ಎಲೆಯಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಅವ್ನು ನನ್ ತಂಗಿ ಮಗ."

"ಗೊತ್ತು."

"ನಾನು ಹೇಳ್ಸಲ್ಲ," ಎಂದರು ಕೊನೆಗೆ. "ತಮಟೆಯೋನು ಬಂದು ಕೇಳಿದ್ರೆ ಬೇಡ ಅಂತಾನೂ ಅನ್ನಲ್ಲ."

ಗೂಡುಗಳ ವಿಷಯ ನನ್ನ ತಲೆಯಲ್ಲಿ ಇಲ್ಲದೇ ಇರಲಿಲ್ಲ. ಜನ ಇಳಿದರೆ ಏನಾಗಬಹುದೆಂದು ಗೊತ್ತಿತ್ತು. ಈ ವರ್ಷದ ಮೊಟ್ಟೆಗಳನ್ನು ಉಳಿಸಲು ಹೋಗಿ ಮೀನು ಬಿಟ್ಟರೆ ಮುಂದಿನ ವರ್ಷಗಳ ಮೊಟ್ಟೆಗಳೇ ಇರುವುದಿಲ್ಲ. ಗೂಡು ಹಾಳಾದರೆ ಮೆಟ್ಟುಗಾಲ ಹಕ್ಕಿ ಮತ್ತೆ ಮೊಟ್ಟೆ ಇಡುತ್ತದೆ. ಲೆಕ್ಕ ಸರಿಯಾಗಿತ್ತು. ಸರಿಯಾದ ಲೆಕ್ಕ ಹಾಕಿಕೊಂಡೇ ಆ ರಾತ್ರಿ ಊಟ ಬಿಟ್ಟೆ. ಮಾರನೆಯ ದಿನ ಗೂಡುಗಳ ಸುತ್ತ ಗೂಟ ಹೊಡೆದು ಹಗ್ಗ ಕಟ್ಟಿ, ಕೆಂಪು ಬಟ್ಟೆ ತೂಗುಬಿಟ್ಟು, ಜನ ಹೋಗಬೇಕಾದ ದಾರಿಯನ್ನು ಸುಣ್ಣದಲ್ಲಿ ಗುರುತು ಮಾಡಿದೆ.

ನಾನು ಹೇಳಿ ಹೊಡೆಸಿದ ತಮಟೆ ಊರಿಗಷ್ಟೇ ಕೇಳಿಸಿತು. ಆದರೆ ಯಾರೋ ಅದನ್ನು ವಾಟ್ಸಾಪಿಗೆ ಹಾಕಿದ್ದರು. ಫ್ರೀ ಮೀನು, ಭಾನುವಾರ ಬೆಳಿಗ್ಗೆ, ಜೊತೆಗೆ ಲೊಕೇಶನ್. ನಾಗರಬಾವಿಯಿಂದ, ರಾಜರಾಜೇಶ್ವರಿನಗರದಿಂದ, ಬಿನ್ನಿಪೇಟೆಯಿಂದಲೂ ಆಟೋ ಮಾಡಿಕೊಂಡು ಬಂದರು. ನಾನು ಇನ್ನೂರು ಎಂದುಕೊಂಡಿದ್ದೆ. ಏರಿಯ ಮೇಲೆ ನಿಂತು ನೋಡಿದಾಗ ಜನರ ನಡುವೆ ನೆಲ ಕಾಣುತ್ತಿರಲಿಲ್ಲ. ಬಕೆಟ್, ಗೋಣಿಚೀಲ, ಸೊಳ್ಳೆಪರದೆ, ಕ್ರಿಕೆಟ್ ಬ್ಯಾಟು, ದೊಣ್ಣೆ, ಮಚ್ಚು. ಕಚೇರಿಗೆ ತಿಳಿಸದೆ ನನ್ನ ಮಾತಿಗೆ ಬಂದಿದ್ದ ಸಂಸ್ಥೆಯ ನಾಲ್ವರು ಸುಣ್ಣದ ಗೆರೆಯ ಪಕ್ಕ ಕೈ ಕೈ ಹಿಡಿದು ನಿಂತಿದ್ದರು. ಆಪರೇಟರ್ ಕೊರಳಿಗೆ ಕೈ ತೂಗುಹಾಕಿಕೊಂಡು, ತನ್ನ ಯಂತ್ರವನ್ನು ಯಾರಾದರೂ ಹಾಳು ಮಾಡಿಯಾರೆಂದು ಕ್ಯಾಬಿನ್ನಿನಲ್ಲಿ ಕಾವಲು ಕೂತಿದ್ದ. ಯಂತ್ರ ಮಡುವಿನ ಪಕ್ಕದ ಗಟ್ಟಿ ನೆಲದ ಮೇಲಿತ್ತು.

ಮೊದಲು ಇಳಿದವರು ಗೆರೆ ನೋಡಿಕೊಂಡೇ ಹೋದರು. ಮೊದಲ ಮೀನು ಮೇಲೆ ಬಂದದ್ದೇ ತಡ, ಹಿಂದಿದ್ದವರು ತಡೆದುಕೊಳ್ಳಲಿಲ್ಲ. ಹಗ್ಗ ಎದೆಗೆ ತಾಗಿ ಗೂಟಗಳು ಸಾಲಾಗಿ ಕಿತ್ತುಬಂದವು. ಗೂಡುಗಳ ಮೇಲೆ ಜನ ಓಡಿದರು. ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ. ಹಕ್ಕಿಗಳು ಮೇಲೆ ಸುತ್ತುತ್ತ ಚೀರುತ್ತಿದ್ದವು.

ಮಡುವಿನಲ್ಲಿ ಸೊಂಟದವರೆಗಿನ ಕಪ್ಪು ಕೆಸರು. ಮೀನುಗಳು ಕಾಲಿನ ಮಧ್ಯೆ ನುಗ್ಗುತ್ತಿದ್ದವು, ಅವುಗಳ ಪಕ್ಕದ ಮುಳ್ಳು ತಾಗಿ ಜನರ ಕೈಯಲ್ಲಿ ರಕ್ತ. ತಲೆ ಎಲುಬು ಕಲ್ಲಿನಷ್ಟು ಗಟ್ಟಿ, ಒಂದೇಟಿಗೆ ಸಾಯುವ ಮೀನಲ್ಲ. ಹೊಡೆದರೆ ಬಿದ್ದು, ಚೀಲದೊಳಗೆ ಮತ್ತೆ ಎದ್ದು, ಚೀಲ ಹರಿದು ದಡದಲ್ಲಿ ತೆವಳುತ್ತಿದ್ದವು. ನಾನೂ ಒಂದು ದೊಣ್ಣೆ ಹಿಡಿದು ಇಳಿದೆ. ಜನರನ್ನು ಕರೆಸಿ ದಡದಲ್ಲಿ ನಿಂತು ನೋಡುವುದು ನನ್ನಿಂದಾಗಲಿಲ್ಲ. ತೆವಳಿ ಹೊರಟವನ್ನು ಹುಡುಕಿ ಹುಡುಕಿ ಹೊಡೆದೆ. ತಲೆಯ ಹಿಂದೆ, ಕಿವಿರು ಮುಗಿಯುವ ಕಡೆ ಬಿದ್ದರೆ ಬೇಗ ಸಾಯುತ್ತದೆಂದು ಹೊಡೆಯುತ್ತ ಹೊಡೆಯುತ್ತ ಗೊತ್ತಾಯಿತು. ತೋಳು ಸೋತು ದೊಣ್ಣೆ ಜಾರಿದಾಗ ಕಲ್ಲು ಎತ್ತಿಕೊಂಡೆ. ನನ್ನ ಪಕ್ಕದಲ್ಲಿ ಇಬ್ಬರು ಗಂಡಸರು ಒಂದೇ ಮೀನಿಗಾಗಿ ಒಬ್ಬರ ಮುಖಕ್ಕೊಬ್ಬರು ಗುದ್ದುತ್ತಿದ್ದರು. ನನಗೆ ಅದು ವಿಚಿತ್ರವೆಂದೇ ಅನ್ನಿಸಲಿಲ್ಲ.

ಮೀನಿನವನು ಬಂದ. ಹುಡುಗರು ಜನ ನೋಡಿ ಏರಿಯ ಮೇಲೇ ನಿಂತುಬಿಟ್ಟರು. ಅವನು ನಿಲ್ಲಲಿಲ್ಲ. ಬಿಳಿ ಅಂಗಿಯಲ್ಲೇ ಕೆಸರಿಗಿಳಿದು, ಒಬ್ಬನ ಕೈಯಿಂದ ಚೀಲ ಕಿತ್ತು, ಇನ್ನೊಬ್ಬನನ್ನು ಒದ್ದು, "ನನ್ ಮೀನು ಕಣ್ರೋ, ಬಿಡ್ರೋ," ಎನ್ನುತ್ತ ಮಡುವಿನ ಕಡೆ ಬಂದ. ಕೆಲವರು ಸರಿದರು. ಆಗ ಇಂಜೆಕ್ಷನ್ನಿನ ಸರದಿಯಲ್ಲಿ ಕಂಡಿದ್ದ ಹೆಂಗಸು ಹೇಳಿದಳು, ಕೂಗಲೂ ಇಲ್ಲ, "ಇವನೇ. ನಾಯಿಗೆ ಮಾಂಸ ಹಾಕಿ ಸಾಕಿದೋನು. ನನ್ ಮಗು ಮುಖ ಹರಿದಿದ್ದು ಇವನ ನಾಯಿ."

ಮೊದಲ ಏಟು ಬ್ಯಾಟಿನದು, ಬೆನ್ನಿಗೆ. ಅವನು ತಿರುಗಿದಾಗ ಎರಡನೆಯದು ಕಿವಿಯ ಮೇಲೆ. ಬಿದ್ದ. ಬಿದ್ದವನ ಸುತ್ತ ಜನ ಮುಚ್ಚಿಕೊಂಡರು. ಮೀನಿಗೆ ಎತ್ತಿದ್ದ ದೊಣ್ಣೆಗಳೇ ಅವನ ಮೇಲೆ ಬೀಳುತ್ತಿದ್ದವು. ಅವೇ ಕೈಗಳು, ಅದೇ ಬೀಸು. ನಾನು ಇಬ್ಬರನ್ನು ಎಳೆದೆ, ಮೊಣಕೈ ಬಂದು ನನ್ನ ತುಟಿ ಒಡೆಯಿತು. ಒಳಗೆ ಹೋಗಲಾಗಲಿಲ್ಲ.

ಯಂತ್ರದ ಚೈನು ಹತ್ತಿ ಕ್ಯಾಬಿನ್ನಿನೊಳಗೆ ತಲೆ ಹಾಕಿದೆ. "ಸ್ಟಾರ್ಟ್ ಮಾಡಿ. ಬಕೆಟ್ ಮಧ್ಯಕ್ಕೆ ತಗೊಂಡೋಗಿ."

ಆಪರೇಟರ್ ನನ್ನನ್ನು ನೋಡಲಿಲ್ಲ. "ಬಿಡಿ ಮೇಡಂ. ತಿನ್ಲಿ ಏಟು."

"ಸತ್ತೋಗ್ತಾನೆ."

"ನನ್ ಕೈ ಮುರಿಯೋವಾಗ ಕುರ್ಚಿ ಮೇಲೆ ಕೂತಿದ್ದ ಅವನು."

"ಹೌದು. ಕೂತಿದ್ದ," ಎಂದೆ. "ಈ ಜನಾನ ಕರೆಸಿದ್ದು ನಾನು. ನೀವು ಮಾಡ್ದೇ ಇದ್ರೆ ನಾನೇ ಓಡಿಸ್ತೀನಿ. ನಂಗೆ ಬರಲ್ಲ, ಇನ್ನೂ ನಾಲ್ಕು ಜನ ಸಾಯ್ತಾರೆ."

ಅವನು ಕೀಲಿ ತಿರುಗಿಸಿದ. ಬಲಗೈಯಲ್ಲಿ ಯಂತ್ರದ ಉದ್ದ ತೋಳು, ಬೂಮ್, ಎತ್ತಿದ. ತಿರುಗಿಸುವ ಹಿಡಿ ಎಡಗಡೆಯದು. ಪ್ಲಾಸ್ಟರಿನ ತುದಿಯನ್ನು ಅದರ ಮೇಲಿಟ್ಟು ಮೈಭಾರ ಹಾಕಿ ಒತ್ತಿದ. ನೋವಿಗೆ ಅವನ ಬಾಯಿಂದ ಬಂದ ಸದ್ದು ಇಂಜಿನ್ನಿನ ಸದ್ದಿನ ಮೇಲೂ ಕೇಳಿಸಿತು. ಹಾರನ್ ಬಿಡದೆ ಹೊಡೆಯುತ್ತ ಬಕೆಟ್ಟನ್ನು ಜನರ ತಲೆಯ ಮೇಲೆ ತಂದ. ತಲೆ ಎತ್ತಿ ನೋಡಿದವರು ಚದುರಿದರು. ಬಕೆಟ್ ನಿಧಾನವಾಗಿ ಇಳಿದು, ಬಿದ್ದವನ ಪಕ್ಕ, ಒಂದು ಮೊಳ ದೂರದಲ್ಲಿ, ಕೆಸರಿನಲ್ಲಿ ಕೂತಿತು. ಮೀನಿನವನು ಅದರ ಹಲ್ಲು ಹಿಡಿದುಕೊಂಡು ಏಳಲು ನೋಡಿದ. ಒಂದು ಕಿವಿ ಹರಿದು ಜೋತಾಡುತ್ತಿತ್ತು. ಯಾರೂ ಮತ್ತೆ ಹೊಡೆಯಲಿಲ್ಲ. ಸ್ವಲ್ಪ ಹೊತ್ತು ಯಾರೂ ಮೀನನ್ನೂ ಹೊಡೆಯಲಿಲ್ಲ.

ಯಜಮಾನರು ಪಂಚೆ ಎತ್ತಿ ಕಟ್ಟಿ ಕೆಸರಿನಲ್ಲಿ ನಡೆದು ಬಂದು, ತಂಗಿಯ ಮಗನ ಕಂಕುಳಿಗೆ ಕೈ ಹಾಕಿ ಎಬ್ಬಿಸಿ, ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಹೋದರು. ಹೋಗುವಾಗ ಯಾರ ಕಡೆಯೂ ನೋಡಲಿಲ್ಲ.

ಠಾಣೆಯಲ್ಲಿ, ಜನ ಸೇರಿಸಿದ್ದು ಯಾರು ಎಂದು ಕೇಳಿದಾಗ ನಾನು ಎಂದೆ. ಬರೆದುಕೊಂಡರು, ಸಹಿ ಹಾಕಿದೆ. ಮೀನಿನವನು ಯಾರ ಮೇಲೂ ದೂರು ಕೊಡಲಿಲ್ಲ. ಅದರಿಂದ ನಾನು ಉಳಿದೆ. ವಾರದ ನಂತರ ಯಜಮಾನರು ಏರಿಯ ಮೇಲೆ ಸಿಕ್ಕಿ, "ಬದುಕವ್ನೆ. ಒಂದ್ ಕಿವಿ ಕೇಳ್ಸಲ್ಲ," ಎಂದರು. "ಥ್ಯಾಂಕ್ಸ್ ಹೇಳೋಕೆ ಬರ್ಲಿಲ್ಲ ನಾನು."

"ನಾನೂ ಅದಕ್ಕೆ ಕಾಯ್ತಿರ್ಲಿಲ್ಲ ಗೌಡ್ರೇ," ಎಂದೆ.

ಸತ್ತು ಬಿದ್ದಿದ್ದ ಮೀನುಗಳನ್ನು ಎತ್ತಿ ಹೂಳಲು ದಿನಗಳೇ ಹಿಡಿದವು. ನಾತಕ್ಕೆ ಲೇಔಟಿನವರು ಕಿಟಕಿ ಮುಚ್ಚಿಕೊಂಡರು, ನನಗೆ ಬೈದರು. ಮಡುವಿನ ಮೇಲೆ ಹದ್ದುಗಳು ಕಪ್ಪಗೆ ಕವಿದಿದ್ದವು. ಮಡುವಿನ ನೀರನ್ನು ಪಂಪಿನಿಂದ ಎತ್ತಿದೆವು, ಸಂಸ್ಥೆ ಕೊನೆಗೆ ಒಪ್ಪಿ ಕಳಿಸಿದ ಬದಲಿ ಆಪರೇಟರ್ ಕೆಸರನ್ನು ಬಗೆದು ಹಾಕಿದ. ಹೂತು ಕೂತಿದ್ದ ಮೀನು ಮೇಲೆ ಬಂದ ಹಾಗೆಲ್ಲ ನಾವು ಹೊಡೆದೆವು. ಬಿಸಿಲು ಆ ಕೆಸರನ್ನು ಒಣಗಿಸಿ ಹೆಂಟೆ ಮಾಡಿತು. ತುಳಿದುಹೋದ ಗೂಡುಗಳ ಜಾಗದಲ್ಲಿ ಮೆಟ್ಟುಗಾಲ ಹಕ್ಕಿಗಳು ಕೆಲವು ದಿನ ನಡೆದಾಡುತ್ತಿದ್ದವು. ಆಮೇಲೆ ಒಂದೂ ಕಾಣಲಿಲ್ಲ.

ಮುಂಗಾರು ಬಂದದ್ದು ತಡವಾಗಿ. ಅದು ಒಳ್ಳೆಯದೇ ಆಯಿತು. ಮೊದಲ ಮಳೆಗೆ ಒಡೆದ ಕೆಸರಿನ ಬಿರುಕುಗಳಲ್ಲಿ ಹಸಿರು ಗೆರೆಗಳು ಎದ್ದವು, ನಾವು ಯಾರೂ ಬಿತ್ತದ ಜೊಂಡು, ಹುಲ್ಲು, ಹೆಸರು ಗೊತ್ತಿಲ್ಲದ ಎಷ್ಟೋ ಗಿಡ. ನೀರು ಓರೆಯ ಮೇಲೆ ದಿನಕ್ಕಿಷ್ಟು ಏರುತ್ತ ಬಂತು. ಅದರ ಅಂಚಿನಲ್ಲಿ ಹುಳಗಳು, ಅಂಚಿನ ಜೊತೆಗೇ ಬಾತುಗಳು. ನೀರಿನ ತಳ ಕಾಣುತ್ತಿತ್ತು. ಮೆಟ್ಟುಗಾಲ ಹಕ್ಕಿಗಳು ವಾಪಸು ಬಂದು ದಿಬ್ಬದ ಮೇಲೆ ಮತ್ತೆ ಮೊಟ್ಟೆಯಿಟ್ಟವು. ನಾನು ಈ ಸಲ ಹಗ್ಗ ಕಟ್ಟಲಿಲ್ಲ. ಮಧ್ಯೆ ನೀರಿತ್ತು.

ಶ್ರಾವಣದ ಒಂದು ಬೆಳಿಗ್ಗೆ ಲೇಔಟಿನ ಕೆಲವರನ್ನು ಮರಿ ತೋರಿಸಲು ಕರೆದುಕೊಂಡು ಹೋಗಿದ್ದೆ. ಆಪರೇಟರ್ ಕೂಡ ಬಂದಿದ್ದ, ಪ್ಲಾಸ್ಟರ್ ಬಿಚ್ಚಿ ಆಗಿತ್ತು, ಮುಂಗೈ ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತ್ತು. ಹತ್ತಿಯುಂಡೆಗೆ ಕಡ್ಡಿ ಚುಚ್ಚಿದಂತಿದ್ದ ನಾಲ್ಕು ಮರಿಗಳು ನೀರಂಚಿನಲ್ಲಿ ಕುಕ್ಕುತ್ತ ನಡೆಯುತ್ತಿದ್ದವು. ಎಲ್ಲರೂ ಫೋನ್ ಹಿಡಿದಿದ್ದರು.

ಹದ್ದು ಬಂದದ್ದು ಬಿಸಿಲಿನ ಕಡೆಯಿಂದ. ತಾಯಿ ತಂದೆ ಎರಡೂ ಚೀರಿ ಮೇಲೆದ್ದು ಅದರ ಬೆನ್ನಿಗೆ ಬಿದ್ದವು. ಅದು ಇಳಿದು, ನೆಲ ಮುಟ್ಟಿದ್ದೇ ತಿಳಿಯದಂತೆ ಒಂದು ಮರಿಯನ್ನು ಎತ್ತಿಕೊಂಡು, ಮತ್ತೆ ತಿರುಗಿ ನಮ್ಮ ತಲೆಯ ಮೇಲಿಂದಲೇ ಹೋಗುತ್ತಿತ್ತು. ಮರಿಯ ಕಾಲು ಇನ್ನೂ ಆಡುತ್ತಿತ್ತು.

"ಅಯ್ಯೋ, ಏನಾದ್ರೂ ಮಾಡ್ರೀ," ಎಂದರು ಪಕ್ಕದಲ್ಲಿದ್ದ ಆಂಟಿ, ನನ್ನ ತೋಳು ಹಿಡಿದು. "ನೀವೇ ಅಲ್ವಾ ಇದೆಲ್ಲಾ ನೋಡ್ಕೊಳ್ಳೋರು."

ಆಪರೇಟರ್ ಆಗಲೇ ಬಗ್ಗಿ ಕಲ್ಲು ಎತ್ತಿಕೊಂಡಿದ್ದ. ಹದ್ದು ಎಟುಕುವ ದೂರದಲ್ಲೇ ಇತ್ತು. ನನ್ನ ಬಲಗೈಯ ಬೆರಳು ತಾವಾಗಿ ಮಡಚಿಕೊಂಡವು. ಹೊಡೆಯುವುದು ಹೇಗೆಂದು ಆ ಕೈಗೆ ಈಗ ಚೆನ್ನಾಗಿ ಗೊತ್ತಿತ್ತು.

"ಬೇಡ, ಬಿಡಿ," ಎಂದೆ ಅವನಿಗೆ.

ಅವನು ನನ್ನ ಮುಖ ನೋಡಿ ಕಲ್ಲನ್ನು ಕೈಬಿಟ್ಟ.

"ಅಂದ್ರೆ ಸುಮ್ನೆ ನೋಡ್ತಾ ನಿಂತ್ಕೊಳ್ಳೋದಾ?" ಎಂದರು ಆಂಟಿ.

"ಹೌದು ಆಂಟಿ. ಇನ್ಮೇಲೆ ನಮ್ಮ ಕೆಲಸ ಅಷ್ಟೇ."

ಅವರಿಗೆ ಸಿಟ್ಟು ಬಂತು, ಫೋನ್ ಚೀಲಕ್ಕೆ ಹಾಕಿಕೊಂಡು ಹೊರಟುಹೋದರು, ಉಳಿದವರೂ ಅವರ ಹಿಂದೆ ನಡೆದರು. ನಾವಿಬ್ಬರು ನಿಂತೆವು. ಹಕ್ಕಿಗಳ ಕೂಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಜೊಂಡಿನ ಸಂದಿನಿಂದ ಒಂದು ಮರಿ ಹೊರಬಂತು, ಅದರ ಹಿಂದೆ ಇನ್ನೆರಡು. ನೀರಂಚಿಗೆ ಬಂದು, ತಲೆ ಬಗ್ಗಿಸಿ, ಮೂರೂ ಮೇಯತೊಡಗಿದವು.